ಲತೀಶ್ ಮಾವನ ಒಪ್ಪಿಗೆ

ದಿಶಾಳ ಪ್ರಾಜೆಕ್ಟಿಗೆ ಒಬ್ಬ ಕುಡುಕ ಬೇಕಾಗಿತ್ತು. ಮನೆಯಲ್ಲೇ ಒಬ್ಬ ಇದ್ದ. ಇಂಥ ಅನುಕೂಲ ಎಲ್ಲ ವಿದ್ಯಾರ್ಥಿಗಳಿಗೂ ಸಿಗುವುದಿಲ್ಲ.

ಅವಳು ಓದುತ್ತಿದ್ದದ್ದು ನೆರೂಳಿನ ಒಂದು ಕಲಾ ಕಾಲೇಜಿನ ಕೊನೆಯ ವರ್ಷದಲ್ಲಿ. ‘ವ್ಯಸನ ಮತ್ತು ಅದರ ಮಾನಸಿಕ ಕಾರಣಗಳು’ ಎಂಬ ವಿಷಯ ಕೊಟ್ಟ ಚಿಟ್ನಿಸ್ ಸರ್ ಮುಂದೆ ಮೊದಲ ವಾರವೇ ತರಗತಿಯ ಅರ್ಧ ಮಂದಿ ಮೊಬೈಲಿಗೆ ಸರಪಳಿ ಸುತ್ತಿದ ಚಿತ್ರ ತಂದಿಟ್ಟಿದ್ದರು. ಇನ್ನರ್ಧ ಮಂದಿ ತಲೆಬುರುಡೆಯ ಬಾಯಿಗೆ ಸಿಗರೇಟು ತುರುಕಿದ್ದರು. ಚಿಟ್ನಿಸ್ ಸರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇನ್ನು ಯಾರಾದರೂ ತಲೆಬುರುಡೆ ತಂದರೆ ಫೇಲ್ ಮಾಡುತ್ತೇನೆ, ನನಗೆ ಬೇಕಾದದ್ದು ಒಬ್ಬ ನಿಜವಾದ ಮನುಷ್ಯ, ಅವನ ದನಿ, ಅವನು ಯಾಕೆ ಹಾಗಾದ ಎಂಬುದರ ಬೇರು ಎಂದರು. ದಿಶಾ ಕೈ ಎತ್ತಿ, “ಸರ್, ಮಾಝಾ ಮಾಮಾ ಆಹೆ,” ಎಂದಳು. ತನಗೊಬ್ಬ ಸೋದರಮಾವ ಇದ್ದಾನೆಂದು ಅವಳು ಅಷ್ಟು ಹೆಮ್ಮೆಯಿಂದ ಹೇಳಿಕೊಂಡದ್ದು ಅದೇ ಮೊದಲು.

ಹಾಗೆ ನೋಡಿದರೆ ಲತೀಶ್ ಮಾವ ಆಗ ಕುಡುಕನಲ್ಲ. ಬಿಟ್ಟು ಹತ್ತು ತಿಂಗಳಾಗಿತ್ತು. ಅದಕ್ಕೆ ಮುಂಚೆ ಕಲ್ಯಾಣದ ಒಂದು ಬಾರಿನಲ್ಲಿ ಹತ್ತೊಂಬತ್ತು ವರ್ಷ ವೇಟರುಗಳ ಮೇಲಿನ ಕ್ಯಾಪ್ಟನ್ ಆಗಿದ್ದು, ಗಿರಾಕಿಗಳಿಗೆ ಬಡಿಸಿದಷ್ಟೇ ಶ್ರದ್ಧೆಯಿಂದ ತಾನೂ ಕುಡಿದಿದ್ದ. ಹೋದ ವರ್ಷ ಗಣೇಶ ಚೌತಿ ಕಳೆದ ವಾರ ಠಾಕುರ್ಲಿಯ ಪ್ಲಾಟ್‌ಫಾರ್ಮಿನಲ್ಲಿ ಬಿದ್ದು ಎರಡು ಹಲ್ಲು ಮುರಿದುಕೊಂಡ. ಅಕ್ಕ ರತ್ನಾವತಿ, ಎಂದರೆ ದಿಶಾಳ ಅಮ್ಮ, ಅವನನ್ನು ಠಾಣೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ರಿಪೋರ್ಟು ನೋಡಿ, ಹಲ್ಲಿನದು ಏನೂ ಅಲ್ಲ, ಲಿವರಿನದು ಹೀಗೇ ಆದರೆ ಎರಡು ವರ್ಷ ಎಂದು ಹೇಳಿ, ಬಿಡುತ್ತೀರಾ ಎಂದು ಕೇಳಿದರು. ಲತೀಶ್ ಮಾವ, “ಆಯ್ತು,” ಎಂದ.

ಅವನ ‘ಆಯ್ತು’ ಮನೆಯವರಿಗೆ ಹೊಸದಲ್ಲ. ಅದನ್ನು ನಂಬಿ ಕೂರುವಷ್ಟು ದಡ್ಡರೂ ಅವರಲ್ಲ. ಉಳಿದದ್ದನ್ನು ಅವರೇ ವಹಿಸಿಕೊಂಡರು. ಬಾರಿನ ಕೆಲಸ ಬಿಡಿಸಿ ಮಹಾಪೆಯ ಒಂದು ಕಂಪನಿಯ ಶುದ್ಧ ಸಸ್ಯಾಹಾರಿ ಕ್ಯಾಂಟೀನಿನಲ್ಲಿ ಮ್ಯಾನೇಜರ್ ಮಾಡಿದರು. ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲಿ ಎರಡು ವೈನ್ ಶಾಪ್ ಇದ್ದುದರಿಂದ ದಿಶಾಳ ಅಪ್ಪ ಜಯಶೀಲ ಅವುಗಳನ್ನು ತಪ್ಪಿಸಿ ಹೋಗುವ ಒಂದು ಓಣಿ ಹುಡುಕಿದ. ಅದು ಹದಿನಾಲ್ಕು ನಿಮಿಷ ಸುತ್ತು, ನಡುವೆ ಒಂದು ಎಮ್ಮೆ ಕೊಟ್ಟಿಗೆ. ಕೆಮ್ಮಿನ ಸಿರಪ್ಪನ್ನು ಲೇಬಲ್ ಓದದೆ ಒಳಗೆ ತರುವಂತಿರಲಿಲ್ಲ. ಮದುವೆ ಮುಂಜಿಗೆ ಅವನನ್ನು ಒಬ್ಬನೇ ಕಳಿಸುತ್ತಿರಲಿಲ್ಲ. ನಾಲ್ಕು ಜನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಆ ಒಂದು ಬೆಡ್‌ರೂಮಿನ ಡೊಂಬಿವಲಿಯ ಮನೆಯಲ್ಲಿ, ನಲವತ್ತನಾಲ್ಕು ವರ್ಷದ ಅವಿವಾಹಿತ ಲತೀಶ್ ಮಾವ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿ, ಬೆಳಿಗ್ಗೆ ಎದ್ದು ಎಲ್ಲರಿಗೂ ಚಹಾ ಮಾಡಿ ಕೊಡುತ್ತಿದ್ದ.

“ಮಾವ, ಮೇರೇ ಪ್ರಾಜೆಕ್ಟ್ ಕೇ ಲಿಯೇ ಇಂಟರ್‌ವ್ಯೂ ದೋಗೇ?” ಎಂದು ದಿಶಾ ಕೇಳಿದಾಗ ಅವನು ಎಂತದರ ಬಗ್ಗೆ ಎಂದೂ ಕೇಳಲಿಲ್ಲ. ಆಯ್ತು ಎಂದ.

ರೆಕಾರ್ಡಿಂಗ್ ನಡೆದದ್ದು ರೈಲಿನಲ್ಲಿ. ಇಬ್ಬರೂ ಠಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಮಾರ್ಗದ ಲೋಕಲ್ ಗಾಡಿ ಹಿಡಿಯಬೇಕು. ಅವನು ಘಣಸೋಲಿಯಲ್ಲಿ ಇಳಿದುಬಿಡುತ್ತಾನೆ, ಅವಳು ನೆರೂಳಿಗೆ. ಐರೋಲಿ, ರಬಾಳೆ ಎಂದು ಘೋಷಣೆ ಕೇಳುವ ಆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಅವಳು ಮೊಬೈಲನ್ನು ಅವನ ಗಲ್ಲದ ಕೆಳಗೆ ಹಿಡಿಯುತ್ತಿದ್ದಳು. ಮನೆಯಲ್ಲಿ ಅವರದ್ದು ತುಳು, ದಿಶಾಳ ಬಾಯಲ್ಲಿ ಹೆಚ್ಚಾಗಿ ಹಿಂದಿ. ಮೊಬೈಲು ಕಂಡ ಕೂಡಲೇ ಲತೀಶ್ ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು ಕನ್ನಡಕ್ಕೆ ಬರುತ್ತಿದ್ದ. ನಾಳೆ ನಾಲ್ಕು ಜನ ಕೇಳುವಂಥದ್ದನ್ನು ಕನ್ನಡದಲ್ಲೇ ಹೇಳಬೇಕೆಂದು ಅವನು ಕಲಿತ ರಾತ್ರಿಶಾಲೆಯ ಮೇಷ್ಟ್ರು ಹೇಳಿದ್ದರಂತೆ.

“ಮೊದಲನೇ ಸಲ ಕುಡಿದದ್ದು ರಾತ್ರಿಶಾಲೆಯ ಗೆಳೆಯ ಸುನಿಲನ ಜೊತೆ,” ಎಂದು ಅವನು ಶುರು ಮಾಡಿದ. “ಹದಿನೇಳು ವರ್ಷ ಆಗಿರಬೇಕು.”

“ಯಾಕೆ ಕುಡಿದಿರಿ?” ಈ ಒಂದು ಪ್ರಶ್ನೆಯನ್ನು ದಿಶಾ ಕನ್ನಡದಲ್ಲಿ ಬಾಯಿಪಾಠ ಮಾಡಿಕೊಂಡಿದ್ದಳು.

“ಸುನಿಲ ಕೊಟ್ಟನಲ್ಲ.”

“ಮತ್ಲಬ್? ದುಃಖ್ ಥಾ? ಟೆನ್ಶನ್?”

“ಎಂತ ದುಃಖ ಮಾರಾಯ್ತಿ. ಅವನು ಗ್ಲಾಸ್ ಹಿಡಿದುಕೊಂಡು ನಿಂತಿದ್ದ. ಪಾಪ, ಕೈ ನೋಯುವುದಿಲ್ಲವಾ?”

ಹದಿಮೂರು ರೆಕಾರ್ಡಿಂಗ್ ಆದವು. ಹದಿಮೂರರಲ್ಲೂ ಯಾರೋ ಒಬ್ಬರು ಏನನ್ನೋ ಕೊಡುತ್ತಿದ್ದರು, ಲತೀಶ್ ಮಾವ ತೆಗೆದುಕೊಳ್ಳುತ್ತಿದ್ದ. ಗಿರಾಕಿಗಳು ಕೊಟ್ಟರು, ಮಾಲೀಕರು ಕೊಟ್ಟರು. ಅಪ್ಪ ಹರಿಶ್ಚಂದ್ರ ಸಾಯುವ ಮುಂಚಿನ ಆರು ವರ್ಷ ಪ್ರತಿ ಭಾನುವಾರ ಎದುರಿಗೆ ಕೂರಿಸಿಕೊಂಡು ಕೊಟ್ಟ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, ಒಂದೇ ವಾರದಲ್ಲಿ ಎರಡು ಹುಡುಗಿಯರ ಕಡೆಯವರು ಬಂದು ಕೇಳಿದರು, ಎರಡೂ ಕಡೆಗೆ ಆಯ್ತು ಎಂದಿದ್ದೆ, ಆಮೇಲೆ ಗಲಾಟೆಯಾಯಿತು ಎಂದ. ಒಂದು ಕಡೆಯವರು ಕಾರ್ಡೂ ಹೊಡೆಸಿದ್ದರಂತೆ.

ಚಿಟ್ನಿಸ್ ಸರ್ ಎಲ್ಲವನ್ನೂ ಕೇಳಿದರು. ದನಿ ಚೆನ್ನಾಗಿದೆ, ರೈಲಿನ ಸದ್ದು ಇನ್ನೂ ಚೆನ್ನಾಗಿದೆ, ಆದರೆ ಟ್ರಾಮಾ ಎಲ್ಲಿ ಎಂದರು. ಯಾವ ಮನುಷ್ಯನೂ ಸುಮ್ಮನೆ ಇಪ್ಪತ್ತೈದು ವರ್ಷ ಕುಡಿಯುವುದಿಲ್ಲ, ಕೆಳಗೆ ಒಂದು ಗಾಯ ಇದ್ದೇ ಇರುತ್ತದೆ, ಅಗೆಯಬೇಕು. ದಿಶಾಳ ಗೆಳತಿ ಯಾಮಿನಿ ಕೂಡ ಅದನ್ನೇ ಹೇಳಿದಳು. ಯಾಮಿನಿ ಠಾಣೆಯ ಘೋಡ್‌ಬಂದರ್ ರಸ್ತೆಯ ಇಪ್ಪತ್ತೆರಡನೇ ಮಹಡಿಯವಳು, ಅಪ್ಪ ಅಮ್ಮ ಬೆಂಗಳೂರಿನ ಐಟಿಯವರು, ವಾರಕ್ಕೊಮ್ಮೆ ತಾನೇ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದುದರಿಂದ ಈ ವಿಷಯದಲ್ಲಿ ಅವಳ ಮಾತಿಗೆ ತೂಕವಿತ್ತು. “ಚೈಲ್ಡ್‌ಹುಡ್‌ನಲ್ಲಿ ಏನೋ ಆಗಿರುತ್ತೆ ಕಣೆ. ಸರಿಯಾಗಿ ಕೇಳು. ಅವರಿಗೇ ಗೊತ್ತಿರಲ್ಲ,” ಎಂದಳು.

ದಿಶಾ ಮನೆಯಲ್ಲಿ ವಿಚಾರಣೆ ಇಟ್ಟಳು. ಕಾರಣಕ್ಕೆ ಬರ ಇರಲಿಲ್ಲ. ಅಮ್ಮನ ಪ್ರಕಾರ ಬಾರಿನ ಕೆಲಸ. ಅಪ್ಪನ ಪ್ರಕಾರ ಅಮ್ಮನ ಮುದ್ದು. ಅಜ್ಜಿ ಜಲಜಾಕ್ಷಿಯ ಪ್ರಕಾರ ಠಾಣೆ ಪಕ್ಕದ ಕಳವಾ ಎಂಬ ಊರಿನಲ್ಲಿ ಬಾಡಿಗೆಗಿದ್ದಾಗ ಪಕ್ಕದ ಖೋಲಿಯ ಚಂದ್ರಬಾಯಿ ಹಾಕಿದ ಕಣ್ಣು. ಹುಡುಗ ಅಷ್ಟು ಬೆಳ್ಳಗೆ ಇದ್ದುದನ್ನು ಅವಳಿಗೆ ನೋಡಲಿಕ್ಕೆ ಆಗುತ್ತಿರಲಿಲ್ಲವಂತೆ. ಇದ್ಯಾವುದನ್ನೂ ಚಿಟ್ನಿಸ್ ಸರ್ ಮುಂದೆ ಇಡುವಂತಿರಲಿಲ್ಲ. ದಿಶಾ ಕೊನೆಗೆ ಲತೀಶ್ ಮಾವನಿಗೇ ಸಮಸ್ಯೆ ವಿವರಿಸಿದಳು. ನಿಮ್ಮ ಬಾಲ್ಯದಲ್ಲಿ ಒಂದು ದೊಡ್ಡ ನೋವು ಸಿಗದಿದ್ದರೆ ನನ್ನ ಪ್ರಾಜೆಕ್ಟು ನಿಲ್ಲುವುದಿಲ್ಲ ಎಂದಳು. ಅವನು ರಬಾಳೆಯವರೆಗೆ ಯೋಚಿಸಿದ. ಮರುದಿನ ಕೊಟ್ಟ.

ಎಂಟು ವರ್ಷದವನಿದ್ದಾಗ ಅಪ್ಪ ತನ್ನನ್ನು ಕಳವಾ ಊರಿನ ಖೋಲಿಯ ಕಬ್ಬಿಣದ ಟ್ರಂಕಿನೊಳಗೆ ಕೂರಿಸಿ, ಮುಚ್ಚಳ ಹಾಕಿ, ಮೇಲೆ ತಾನು ಕೂತು ಕುಡಿಯುತ್ತಿದ್ದ ಎಂದ. ಒಳಗೆ ಕತ್ತಲು. ಮೇಲಿಂದ ಗ್ಲಾಸಿನ ಸದ್ದು. ಅವನ ದನಿ ಎರಡು ಕಡೆ ಒಡೆಯಿತು. ದಿಶಾಳ ಕಣ್ಣಲ್ಲಿ ನೀರು ಬಂತು, ಎದುರಿಗೆ ಕೂತಿದ್ದ ಯಾರೋ ಹೆಂಗಸು ಕನ್ನಡ ತಿಳಿಯದೆಯೂ ನೀರಿನ ಬಾಟಲಿ ಮುಂದೆ ಮಾಡಿದಳು. ಚಿಟ್ನಿಸ್ ಸರ್ ಕುರ್ಚಿಯಿಂದ ಎದ್ದು ನಿಂತು ಕೇಳಿ, ಗ್ಯಾಲರಿಯ ನಡುಮಧ್ಯದ ಜಾಗ ನಿನಗೇ ಎಂದರು.

ಆ ಸಂಜೆ ದಿಶಾ ಅದನ್ನು ಅಮ್ಮನಿಗೆ ಕೇಳಿಸಿದಳು. ರತ್ನಾವತಿ ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ನಮ್ಮ ಮನೆಯಲ್ಲಿ ಟ್ರಂಕ್ ಎಲ್ಲಿತ್ತು? ಬಟ್ಟೆ ಎಲ್ಲ ಗೋಣಿಯಲ್ಲಿ ಇತ್ತು. ಅಪ್ಪ ಕುಡಿದರೆ ಪಾಪದವರು, ಪದ ಹೇಳಿಕೊಂಡು ಮಲಗುತ್ತಿದ್ದರು,” ಎಂದಳು. ದಿಶಾ ಹಾಲಿಗೆ ಬಂದು ನಿಂತಳು. ಲತೀಶ್ ಮಾವ ಇಸ್ತ್ರಿ ಹಾಕುತ್ತಿದ್ದ.

“ಝೂಠ್ ಬೋಲಾ ಆಪ್ನೇ?”

“ನಿನಗೆ ಬೇಕಿತ್ತಲ್ಲ,” ಎಂದು ಅವನು ಕಾಲರು ತಿರುಗಿಸಿದ. “ಚೆನ್ನಾಗಿರಲಿಲ್ಲವಾ?”

ಅವಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಗ್ಯಾಲರಿಯ ನಡುಮಧ್ಯದ ಜಾಗ ನೆನಪಾಯಿತು. ಚಿಟ್ನಿಸ್ ಸರ್ ಹತ್ತಿರ ಹೋಗಿ ನಿಜ ಹೇಳಿದಳು. ಅವರು, ಸರಿ, ಬೇರು ಸಿಗದಿದ್ದರೆ ಬಿಡು, ಮುಂದೇನಾಗುತ್ತದೆ ನೋಡು ಎಂದರು. ಬಿಟ್ಟವರು ಬಹಳ ಮಂದಿ ಒಂದಲ್ಲ ಒಂದು ದಿನ ಮತ್ತೆ ಮುಟ್ಟುತ್ತಾರೆ, ವ್ಯಸನದ ಸತ್ಯ ಇರುವುದು ಆ ಕ್ಷಣದಲ್ಲಿ, ಅದು ನಿನ್ನ ಕ್ಯಾಮೆರಾ ಮುಂದೆ ನಡೆದರೆ ಇಂಥ ಕೆಲಸ ಈ ಕಾಲೇಜು ನೋಡಿಲ್ಲ. “ಫಕ್ತ ವಾಟ್ ಬಘಾಯಚೀ,” ಎಂದರು, ಕಾಯುತ್ತಿರಬೇಕು ಅಷ್ಟೇ. ಕುಡಿಸು ಎಂದು ಅವರು ಹೇಳಲಿಲ್ಲ. ಅಷ್ಟು ಕೆಟ್ಟವರೂ ಅಲ್ಲ.

ದಿಶಾ ಕಾಯತೊಡಗಿದಳು. ಮನೆಯಲ್ಲಿ ಉಳಿದ ಮೂವರೂ ಅವನನ್ನೇ ನೋಡುತ್ತಿದ್ದುದರಿಂದ ಅವಳು ನೋಡುವುದರಲ್ಲಿ ಏನೋ ಬೇರೆತನ ಇದೆ ಎಂದು ಯಾರಿಗೂ ಅನ್ನಿಸಲಿಲ್ಲ.

ಅಷ್ಟರಲ್ಲಿ ತುಳುವರ ಆಷಾಢ, ಆಟಿ ತಿಂಗಳು ಬಂತು. ಆಟಿಯಲ್ಲಿ ಸತ್ತ ಹಿರಿಯರಿಗೆ ಅಗೆಲು ಬಡಿಸುವುದು ಅವರ ಮನೆತನದ ಪದ್ಧತಿ. ಸತ್ತವರು ಬದುಕಿದ್ದಾಗ ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದರೋ ಕುಡಿಯುತ್ತಿದ್ದರೋ ಅದನ್ನೆಲ್ಲ ಬಾಳೆಲೆಯಲ್ಲಿ ಇಟ್ಟು, ಬಾಗಿಲು ಮುಚ್ಚಿ, ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಮತ್ತೆ ಬಾಗಿಲು ತಟ್ಟಿ ತೆರೆಯುವುದು. ಡೊಂಬಿವಲಿಗೆ ಬಂದ ಮೇಲೆ ಬೆಡ್‌ರೂಮೇ ಆ ಕೋಣೆ. ಹರಿಶ್ಚಂದ್ರಜ್ಜನ ಎಲೆಗೆ ಕೋಳಿ ಸಾರು, ರೊಟ್ಟಿ, ಬಂಗುಡೆ, ಒಂದು ಕಟ್ಟು ಬೀಡಿ, ಮತ್ತು ಒಂದು ಗ್ಲಾಸು ವಿಸ್ಕಿ. ಆಮೇಲೆ ಆ ಗ್ಲಾಸಿನದ್ದನ್ನು ಪ್ರಸಾದವೆಂದು ಗಂಡುಮಗ ಕುಡಿಯಬೇಕು. ಹೋದ ವರ್ಷದವರೆಗೆ ಈ ಒಂದು ಕರ್ತವ್ಯದಲ್ಲಿ ಲತೀಶ್ ಮಾವ ಯಾರ ಬಾಯಿಗೂ ಸಿಕ್ಕಿರಲಿಲ್ಲ.

ಈ ಸಲ ಏನು ಮಾಡುವುದು? ಹನ್ನೊಂದು ತಿಂಗಳು ಸಿರಪ್ಪಿನ ಲೇಬಲ್ ಓದಿದ ಮನೆ ಇದು. ರತ್ನಾವತಿ ಅಜ್ಜಿಯ ಹತ್ತಿರ ಕೂತು, “ಈ ವರ್ಷ ಎಳನೀರು ಇಡುವನಾ ಅಮ್ಮ?” ಎಂದು ಮೆಲ್ಲಗೆ ಕೇಳಿದಳು. ಜಲಜಾಕ್ಷಿಯಜ್ಜಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು.

“ಬದುಕಿದ್ದಾಗ ನಾನು ಅವರ ಬಾಟಲಿ ಅಡಗಿಸಿಟ್ಟದ್ದು ಸಾಲದಾ? ಸತ್ತ ಮೇಲೂ ಅಡಗಿಸಬೇಕಾ? ಸಿಟ್ಟು ಮಾಡಿಕೊಂಡರೆ ಯಾರು ನೋಡಿಕೊಳ್ತಾರೆ? ನೀನಾ?”

ಬ್ಯಾಂಕಿನಲ್ಲಿರುವ ಜಯಶೀಲನಿಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದರೆ ನಂಬಿಕೆ ಇಲ್ಲದವನೇ ಒಂದು ಕ್ವಾರ್ಟರ್ ತಂದು ಪೇಪರಿನಲ್ಲಿ ಸುತ್ತಿ ಅಕ್ಕಿ ಡಬ್ಬದ ಹಿಂದೆ ಇಟ್ಟ. ನಾಲಿಗೆಗೆ ಮುಟ್ಟಿಸಿದರೆ ಸಾಕು, ಅಷ್ಟರಿಂದ ಏನೂ ಆಗುವುದಿಲ್ಲ ಎಂದು ಎಲ್ಲರಿಗೂ ಧೈರ್ಯ ಹೇಳಿದ. ಡಾಕ್ಟರು ಹೇಳಿದ್ದು ಒಂದು ಹನಿಯೂ ಬೇಡ ಎಂದು. ಅದು ಡಾಕ್ಟರು ಹೇಳಿದಾಗ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತ್ತು. ಲತೀಶ್ ಮಾವನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಕೇಳಿದರೆ ಆಯ್ತು ಅನ್ನುತ್ತಾನೆ, ಅದಕ್ಕೇಕೆ ಕೇಳುವುದು.

ದಿಶಾ ಅಮ್ಮನನ್ನು ತಡೆಯಬಹುದಿತ್ತು. ಗಲಾಟೆ ಮಾಡಬಹುದಿತ್ತು, ಆ ಮನೆಯಲ್ಲಿ ಅವಳ ಗಲಾಟೆಗೆ ಬೆಲೆ ಇತ್ತು. ಅವಳು ಬಂದು ಕೇಳಿದ್ದು, ಅಗೆಲನ್ನು ಶೂಟ್ ಮಾಡಿಕೊಳ್ಳಲೇ ಎಂದು. ಕಾಲೇಜಿಗೆ ನಮ್ಮ ಸಂಪ್ರದಾಯ ತೋರಿಸಲಿಕ್ಕೆ ಎಂದಳು. ಅಜ್ಜಿಗೆ ಖುಷಿಯಾಯಿತು.

ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಎಲೆ ಬಡಿಸಿ ಬೆಡ್‌ರೂಮಿನ ಬಾಗಿಲು ಮುಚ್ಚಿದರು. ಐವರೂ ಹಾಲಿನಲ್ಲಿ ಸೋಫಾ, ಚಾಪೆ, ಬೆತ್ತದ ಸ್ಟೂಲು ಎಂದು ಸಿಕ್ಕ ಕಡೆ ಕೂತರು. ಹೊರಗೆ ಮಳೆ, ಕೆಳಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು. ದಿಶಾ ಟಿವಿ ಸ್ಟ್ಯಾಂಡಿನ ಮೇಲೆ ಮೊಬೈಲ್ ನಿಲ್ಲಿಸಿ, ಕ್ಯಾಮೆರಾ ಚೌಕಟ್ಟಿನೊಳಗೆ ಲತೀಶ್ ಮಾವ ಸರಿಯಾಗಿ ನಡುವೆ ಬರುವಂತೆ ಅವನನ್ನು ಸ್ವಲ್ಪ ಎಡಕ್ಕೆ ಸರಿಯಲು ಹೇಳಿದಳು. ಅವನು ಸರಿದ. ಹತ್ತು ನಿಮಿಷ ಕಳೆದ ಮೇಲೆ ಅಜ್ಜಿ ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋಗಿ, ಗ್ಲಾಸನ್ನು ಸೆರಗಿನ ತುದಿಯಲ್ಲಿ ಹಿಡಿದು ತಂದು ಮಗನ ಮುಂದೆ ಚಾಚಿದಳು.

“ತಕೋ. ಅಪ್ಪನದ್ದು.”

ಲತೀಶ್ ಮಾವ ಎರಡೂ ಕೈಯಲ್ಲಿ ತೆಗೆದುಕೊಂಡ. ರತ್ನಾವತಿ ಅಡುಗೆಮನೆಯ ಬಾಗಿಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಜಯಶೀಲ ಫ್ಯಾನು ನೋಡುತ್ತಿದ್ದ. ಗ್ಲಾಸು ಎದೆಯ ಮಟ್ಟಕ್ಕೆ ಬಂತು, ಗಲ್ಲದ ಮಟ್ಟಕ್ಕೆ ಬಂತು, ವಾಸನೆ ಮೂಗಿಗೆ ತಾಗಿತು. ಆಗ ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ದಿಶಾಳ ಕಡೆ ನೋಡಿದ. ತುಳು ಬಿಟ್ಟು ಕನ್ನಡಕ್ಕೆ ಬಂದ.

“ದಿಶಾ, ನಿನಗೆ ಯಾವುದು ಒಳ್ಳೇದು ಆಗ್ತದೆ? ನಾನು ಕುಡಿದರಾ, ಕುಡಿಯದಿದ್ದರಾ?”

ಅವನ ಮುಖದಲ್ಲಿ ಕೊಂಕು ಇರಲಿಲ್ಲ. ಚಹಾಕ್ಕೆ ಸಕ್ಕರೆ ಎಷ್ಟು ಎಂದು ಬೆಳಿಗ್ಗೆ ಕೇಳುವವನ ಮುಖವೇ ಅದು. ಅವಳು ಏನು ಹೇಳಿದರೆ ಅದನ್ನು ಮಾಡಲು ಅವನು ತಯಾರಿದ್ದ. ಇಷ್ಟು ದಿನ ಅಗೆದರೂ ಸಿಗದ ಬೇರು ಅಲ್ಲೇ ಎದುರಿಗೆ ಗ್ಲಾಸು ಹಿಡಿದು ನಿಂತಿತ್ತು, ದಿಶಾಳಿಗೆ ಅದು ಸ್ಪಷ್ಟವಾಗಿ ಗೊತ್ತಾಯಿತು. ಬೇಡ ಅನ್ನಬೇಕು ಎಂಬುದೂ ಗೊತ್ತಿತ್ತು. ಎರಡಕ್ಷರ. ಅವಳು ಅದನ್ನು ಹೇಳದೆ ಮೊಬೈಲ್ ನೋಡಿದಳು. ಮೊಬೈಲಿನ ಮೂಲೆಯಲ್ಲಿ ಕೆಂಪು ಚುಕ್ಕೆ ಉರಿಯುತ್ತಿತ್ತು, ಫ್ರೇಮು ಚೆನ್ನಾಗಿತ್ತು, ಕಿಟಕಿಯ ಬೆಳಕು ಗ್ಲಾಸಿನ ಮೇಲೇ ಬಿದ್ದಿತ್ತು, ಮತ್ತು ಅವಳಿಗೆ ಅದು ಬೇಕಾಗಿತ್ತು. ಅವನು ಕುಡಿಯುವುದು ಬೇಕಾಗಿತ್ತು. ಅಮ್ಮ ಚಾಪೆಯ ಪಕ್ಕ ಕೂತು ಅತ್ತ ರಾತ್ರಿಗಳನ್ನೆಲ್ಲ ನೋಡಿ ಬೆಳೆದ ಹುಡುಗಿಗೆ ಆ ಕ್ಷಣ ಬೇಕಾಗಿತ್ತು.

ಲತೀಶ್ ಮಾವ ಅವಳ ಮುಖವನ್ನೇ ನೋಡುತ್ತಿದ್ದ. ಎದುರಿಗಿರುವವರಿಗೆ ಏನು ಬೇಕು ಎಂದು ಓದುವುದರಲ್ಲಿ ಅವನಿಗೆ ನಲವತ್ತು ವರ್ಷದ ಅಭ್ಯಾಸ. ಓದಿದ. ಗ್ಲಾಸನ್ನು ಕೆಳಗಿಳಿಸಿ ಟೀಪಾಯಿಯ ಮೇಲೆ ಇಟ್ಟ.

“ನನಗೆ ಬೇಡ,” ಎಂದ.

ಯಾರಿಗೂ ಅರ್ಥವಾಗಲಿಲ್ಲ. “ಯಾರಿಗೆ ಬೇಡ?” ಎಂದಳು ಅಜ್ಜಿ.

“ನನಗೆ.”

“ಅಪ್ಪನಿಗೆ ಬೇಜಾರಾಗ್ತದೆ ಲತೀಶ.”

“ಆಗಲಿ.”

ರತ್ನಾವತಿ ತಿರುಗಿದಳು. ಜಯಶೀಲ ಫ್ಯಾನು ನೋಡುವುದನ್ನು ಬಿಟ್ಟ. ಜಲಜಾಕ್ಷಿಯಜ್ಜಿ ಸ್ವಲ್ಪ ಹೊತ್ತು ಮಗನನ್ನು, ಆಮೇಲೆ ಗ್ಲಾಸನ್ನು ನೋಡಿದಳು. ಇಟ್ಟದ್ದನ್ನು ಚೆಲ್ಲುವಂತಿಲ್ಲ, ಬಿಡುವಂತಿಲ್ಲ. ಎಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಮುಟ್ಟದ ಆ ಮುದುಕಿ ಗ್ಲಾಸು ಎತ್ತಿ ಔಷಧಿ ಕುಡಿದಂತೆ ಒಂದೇ ಗುಟುಕಿಗೆ ಕುಡಿದಳು. ಕಣ್ಣು ಬಿಗಿಯಾಗಿ ಮುಚ್ಚಿದಳು, ಕೆಮ್ಮಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಇದಕ್ಕಾ?” ಎಂದಳು. ಬೆಡ್‌ರೂಮಿನ ಕಡೆ ತಿರುಗಿ, ಎಲೆಯ ಮುಂದೆ ಇನ್ನೂ ಯಾರೋ ಕೂತಿದ್ದಾರೆ ಎಂಬಂತೆ ಇನ್ನೊಮ್ಮೆ ಕೇಳಿದಳು. “ಇದಕ್ಕಾ ನೀವು?” ಆಮೇಲೆ ಊಟಕ್ಕೆ ಎಬ್ಬಿಸಿದಳು. ಕೋಳಿ ತಣ್ಣಗಾಗಿತ್ತು. ದಿಶಾ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮೊಬೈಲಿನಲ್ಲಿ ಎಲ್ಲವೂ ಇತ್ತು. ಅವನ ಪ್ರಶ್ನೆಗೂ ‘ನನಗೆ ಬೇಡ’ಕ್ಕೂ ನಡುವೆ ಒಂಬತ್ತು ಸೆಕೆಂಡು. ಆ ಒಂಬತ್ತು ಸೆಕೆಂಡು ಅವಳದ್ದು. ಎರಡು ದಿನ ಅದನ್ನೇ ಮತ್ತೆ ಮತ್ತೆ ಕೇಳಿದಳು. ಮೂರನೇ ದಿನ ಠಾಣೆಯಲ್ಲಿ ಗಾಡಿ ಹತ್ತಿದ ಮೇಲೆ, ಇದನ್ನೆಲ್ಲ ಕಾಲೇಜಿನಲ್ಲಿ ಇಡಲೇ ಎಂದು ಲತೀಶ್ ಮಾವನನ್ನು ಕೇಳಿದಳು. ಕೇಳುವಾಗಲೇ ಆಯ್ತು ಎಂಬ ಉತ್ತರಕ್ಕೆ ಹೆದರಿದ್ದಳು.

ಅವನು ಐರೋಲಿ ದಾಟುವವರೆಗೆ ಬೆರಳು ಮಡಚಿ ಎಣಿಸಿದ. “ಸುನಿಲನದ್ದು ಬೇಡ. ಮದುವೆಯದ್ದು ಬೇಡ. ಆ ಟ್ರಂಕಿನದ್ದಂತೂ ಬೇಡವೇ ಬೇಡ, ಅಪ್ಪ ಹಾಗಿರಲಿಲ್ಲ,” ಎಂದ. “ಭಾನುವಾರದ್ದು ಒಂದು ಇಡು.”

“ಉಸ್ಮೇ ಮೈ ಬುರೀ ಲಗ್ತೀ ಹೂಂ, ಮಾವ.” ಅದರಲ್ಲಿ ನಾನು ಕೆಟ್ಟವಳಾಗಿ ಕಾಣುತ್ತೇನೆ ಎಂದಳು.

“ಹೌದು,” ಎಂದ ಅವನು. ಘಣಸೋಲಿಯಲ್ಲಿ ಇಳಿದುಹೋದ.

ಸೆಪ್ಟೆಂಬರಿನಲ್ಲಿ ಪ್ರದರ್ಶನ ನಡೆಯಿತು. ನಡುಮಧ್ಯದ ಜಾಗ ಕೆಂಪು ಬಲ್ಬು ಹಾಕಿದ ಇನ್ನೊಬ್ಬನಿಗೆ ಹೋಗಿತ್ತು. ದಿಶಾಳದ್ದು ಕಕ್ಕಸಿನ ಪಕ್ಕದ ಗೋಡೆಯಲ್ಲಿ ಒಂದು ಹೆಡ್‌ಫೋನು, ಕೆಳಗೆ ಒಂದು ಸ್ಟೂಲು. ಹಾಕಿಕೊಂಡರೆ ಒಬ್ಬ ಗಂಡಸಿನ ಪ್ರಶ್ನೆ, ಆಮೇಲೆ ಒಂಬತ್ತು ಸೆಕೆಂಡು ಮಳೆ ಮತ್ತು ಫ್ಯಾನಿನ ಸದ್ದು, ಆಮೇಲೆ ಒಂದು ‘ನನಗೆ ಬೇಡ’. ಫಲಕದಲ್ಲಿ ವ್ಯಸನಿಯ ಹೆಸರು ಎಂಬ ಕಡೆ ಅವಳು ತನ್ನ ಹೆಸರು ಬರೆದಿದ್ದಳು. ಚಿಟ್ನಿಸ್ ಸರ್ ಎರಡು ಸಲ ಕೇಳಿ, ಇದರಲ್ಲಿ ಏನೂ ನಡೆಯುವುದಿಲ್ಲವಲ್ಲ ಎಂದು ಹತ್ತಕ್ಕೆ ಐದೂವರೆ ಹಾಕಿದರು.

ಕೊನೆಯ ದಿನ ಕ್ಯಾಂಟೀನಿನಿಂದ ನೇರವಾಗಿ ಲತೀಶ್ ಮಾವ ಬಂದ. ಶರ್ಟಿಗೆ ಇಸ್ತ್ರಿ ಇತ್ತು. ಸ್ಟೂಲಿನ ಮೇಲೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿದ. ದಿಶಾ ಅವನ ಪಕ್ಕ ನಿಂತು ಅವನ ಮುಖ ನೋಡಲಾರದೆ ಗೋಡೆ ನೋಡುತ್ತಿದ್ದಳು. ಮುಗಿಯಿತು. ಅವನು ಹೆಡ್‌ಫೋನನ್ನು ಜೋಪಾನವಾಗಿ ತೆಗೆದು ಮೊಳೆಗೆ ಸಿಕ್ಕಿಸಿದ.

“ಇಷ್ಟೇಯಾ?” ಎಂದ. “ಅವತ್ತು ನನಗೆ ತುಂಬಾ ಹೊತ್ತು ಅನಿಸಿತ್ತು.”